ಗುರಿಗೆ ಹೊರಟವರ ಗಂಟು

ಪರಸ್ಥಳಕ್ಕೆ ಹೊರಟವನ ಗಂಟನ್ನು ಬಿಚ್ಚಿ ನೋಡಿದರೆ ಅವನ ಸ್ವಭಾವದ ಅರ್ಧಭಾಗವು ತಿಳಿದುಬರುತ್ತದೆ. ಮಳೆಗೆ ಅಂಜುವವನು ಕೊಡೆಯನ್ನು ಮೊದಲು ಇಡುತ್ತಾನೆ. ಹಸಿವಿಗೆ ಅಂಜುವವನು ಬುತ್ತಿಯನ್ನು. ಜನರ ಮಾತಿಗೆ ಅಂಜುವವನು ಮಡಿಸಿದ ಒಳ್ಳೆಯ ಅಂಗಿಯನ್ನು. ಯಾವುದಕ್ಕೂ ಅಂಜದವನು ಬರಿಗೈಯಲ್ಲಿ ಹೊರಟು, ಹೋದಲ್ಲೆಲ್ಲ ಇತರರ ಗಂಟಿಗೆ ಕೈ ಹಾಕುತ್ತಾನೆ. ಗುರಿಯಿಟ್ಟು ಗುಂಡು ಹೊಡೆಯುವುದನ್ನು ಕಲಿಯಲು ಶೂಟಿಂಗ್ ರೇಂಜಿಗೆ ಹೊರಡುವವರ ಗಂಟಿಗೂ ಈ ಮಾತು ಸಲ್ಲುತ್ತದೆ. ಆದರೆ ಅಲ್ಲಿ ಒಂದು ವಿಶೇಷವುಂಟು. ಮರೆತುಬಂದ ವಸ್ತುವನ್ನು ನೆರೆಯವನಿಂದ ಎರವಲು ಪಡೆಯಬಹುದು. ಮರೆತುದರಿಂದ ಕಳೆದುಹೋದ ಇಂದ್ರಿಯವನ್ನು ಮಾತ್ರ ಯಾರಿಂದಲೂ ಎರವಲು ತರಲಾಗದು.

ದಕ್ಷಿಣ ಕೊಡಗಿನ ಒಂದು ಮನೆಯಲ್ಲಿ, ಆಗಸ್ಟ್ ತಿಂಗಳ ಕೊನೆಯ ಒಂದು ಸಂಜೆ, ಇಂತಹದೊಂದು ಗಂಟು ಸಿದ್ಧವಾಗುತ್ತಲಿತ್ತು. ನಾಟಿಯ ಕೆಲಸವು ಮುಗಿದಿತ್ತು. ಸೆಪ್ಟೆಂಬರ್ 3 ರ ಕೈಲ್ ಪೊಳ್ದ್ ಹಬ್ಬಕ್ಕೆ ಇನ್ನು ಕೆಲವೇ ದಿನಗಳು ಉಳಿದಿದ್ದವು. ಆ ಸೀಮೆಯ ಮನೆಗಳಿಗೆ ಕೋವಿಯು ಹೊಸದಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯವರು ತೀರಿಕೊಂಡರೆ ಎರಡು ಗುಂಡು ಹಾರಿಸಿ ನೆರೆಹೊರೆಗೆ ಸುದ್ದಿಯನ್ನು ಮುಟ್ಟಿಸುವುದು ಕೊಡವರ ಹಳೆಯ ಪದ್ಧತಿ. ಕೈಲ್ ಪೊಳ್ದಿನ ದಿನ ಆಯುಧಗಳನ್ನು ತೊಳೆದು ಒರೆಸಿ, ತೋಕ್ ಪೂವೆಂದು ಕರೆಯುವ ಅಗ್ನಿಶಿಖೆಯ ಹೂವನ್ನು ಮುಡಿಸಿ, ಗುರುಕಾರಣರನ್ನು ನೆನೆದು ಪೂಜಿಸುತ್ತಾರೆ. ಆ ಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವು ನಡೆಯುತ್ತದೆ. ಕೋವಿಯನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019 ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಪರವಾನಗಿಯಿಂದ ವಿನಾಯಿತಿಯನ್ನು ಸರ್ಕಾರವು ಕೊಡಬಹುದು. ಕೋವಿಯ ಶಬ್ದದಿಂದ ವಿನಾಯಿತಿಯನ್ನು ಕೊಡುವವರು ಯಾರೂ ಇಲ್ಲ. ಆ ಮನೆಯ ಹಿರಿಯರಿಗೆ ಇದು ತಡವಾಗಿ ತಿಳಿದ ಸತ್ಯ.

ಅವರ ಮೊಮ್ಮಗಳಿಗೆ ಆಗ ಹದಿನಾರು ವರ್ಷ. ಒಂದು ವರ್ಷದಿಂದ ಅವಳು 10 ಮೀಟರಿನ ಗಾಳಿ ಬಂದೂಕಿನಲ್ಲಿ ಅಭ್ಯಾಸಮಾಡುತ್ತಿದ್ದಳು. ಆ ಪಂದ್ಯದ ಗುಂಡಿನ ಅಡ್ಡಗಲವು 4.5 ಮಿಲಿಮೀಟರು, ಹತ್ತು ಅಂಕಕ್ಕೆ ತಗುಲಬೇಕಾದ ಚುಕ್ಕಿಯು ಕೇವಲ ಅರ್ಧ ಮಿಲಿಮೀಟರು. ಗುಂಡಿಗಿಂತ ಗುರಿಯೇ ಚಿಕ್ಕದು. ಮರುದಿನ ಅವಳು ಮೊದಲನೆಯ ಬಾರಿಗೆ 50 ಮೀಟರಿನ ರೇಂಜಿಗೆ ಹೋಗಿ, ನಿಜವಾದ ತೋಟೆಯನ್ನು ತುಂಬುವ .22 ರೈಫಲ್ಲನ್ನು ಹಿಡಿಯುವವಳಿದ್ದಳು. ರೈಫಲ್ಲು ಅಲ್ಲಿಯ ಸಂಘದ್ದು, ಅದನ್ನು ಹೊತ್ತೊಯ್ಯಬೇಕಾಗಿರಲಿಲ್ಲ. ಹೊತ್ತೊಯ್ಯಬೇಕಾದ ಉಳಿದುದನ್ನೆಲ್ಲ ಅವಳು ಒಂದು ಹಾಳೆಯಲ್ಲಿ ಪಟ್ಟಿಮಾಡಿದ್ದಳು.

ಪಟ್ಟಿಯು ಉದ್ದವಾಗಿಯೇ ಇತ್ತು. ಕ್ಯಾನ್ವಾಸು ಮತ್ತು ತೊಗಲಿನ ಬಿಗಿಯಾದ ಜಾಕೆಟ್ಟು, ಅದೇ ಬಗೆಯ ಷರಾಯಿ, ಚಪ್ಪಟೆ ಅಟ್ಟೆಯ ಬೂಟು, ಎಡಗೈಗೆ ದಪ್ಪನೆಯ ಕೈಗವಸು, ತೋಳಿಗೆ ಸುತ್ತಿ ರೈಫಲ್ಲಿನ ಭಾರವನ್ನು ತಾಳುವ ಪಟ್ಟಿ, ಮೊಣಕಾಲೂರಿ ಕುಳಿತಾಗ ಕಣಕಾಲಿನಡಿಗೆ ಇಡುವ ದಿಂಡು, ಮಲಗಿ ಹೊಡೆಯಲು ಚಾಪೆ, ಗುರಿಹಲಗೆಯನ್ನು ನೋಡಲು ದುರ್ಬೀನು, ಟೋಪಿ, ಸಣ್ಣ ತಿರುಪುಳಿ, ಎಣ್ಣೆ, ಒರೆಸುವ ಬಟ್ಟೆ, ಟಿಪ್ಪಣಿ ಪುಸ್ತಕ, ನೀರು, ಬಿಸ್ಕತ್ತು, ಕಣ್ಣಿನ ರಕ್ಷಣೆಗೆ ಕನ್ನಡಕ, ಕಟ್ಟಕಡೆಗೆ ಕಿವಿಯ ಬಿರಡೆ. ಇವುಗಳಲ್ಲಿ ಅರ್ಧದಷ್ಟು ಹಿರಿಯ ಗುರಿಕಾರರಿಂದ ಎರವಲು ತಂದವು. ಚೀಲವಾದರೋ ಒಂದೇ. ಬೆಳಗಿನ ಮೊದಲ ಬಸ್ಸಿನಲ್ಲಿ, ನಿಂತೇ ಹೋಗಬೇಕಾದೀತು. ಆದುದರಿಂದ ಏನನ್ನಾದರೂ ಬಿಡಲೇಬೇಕಾಗಿತ್ತು.

ಯೌವನವು ಇಂತಹ ಸಂದರ್ಭದಲ್ಲಿ ಹೇಗೆ ತೀರ್ಮಾನಿಸುವುದೋ ಹಾಗೆಯೇ ಅವಳೂ ತೀರ್ಮಾನಿಸಿದಳು. ಅಂಕವನ್ನು ಹೆಚ್ಚಿಸುವ ವಸ್ತುಗಳು ಉಳಿದವು. ಅಂಕಕ್ಕೆ ಸಂಬಂಧಿಸದವುಗಳ ಮೇಲೆ ಗೆರೆ ಬಿದ್ದಿತು. ಮೊದಲ ಗೆರೆಯು ಕಿವಿಯ ಬಿರಡೆಗೆ, ಎರಡನೆಯದು ಕನ್ನಡಕಕ್ಕೆ. ಗಾಳಿ ಬಂದೂಕಿನ ಟಪ್ಪೆಂಬ ಸದ್ದಿಗೆ ಒಂದು ವರ್ಷವೆಲ್ಲ ಬಿರಡೆ ಬೇಕಾಗಿರಲಿಲ್ಲ. ನಾಳೆಯೂ ಬೇಕಾಗದೆಂದು ಅವಳ ಎಣಿಕೆ.

ಹಿರಿಯರು ಜಗಲಿಯ ಮೇಲೆ ಕುಳಿತು ಹಬ್ಬಕ್ಕಾಗಿ ಕೋವಿಯ ನಳಿಗೆಯನ್ನು ಒರೆಸುತ್ತಿದ್ದರು. ಒಳಗೆ ತಾಯಿಮಗಳ ನಡುವೆ ನಡೆದ ಚರ್ಚೆಯು ಅವರಿಗೆ ಕೇಳಿಸಿರಲಿಲ್ಲ. ಆದರೆ ಕಣ್ಣು ಚುರುಕಾಗಿತ್ತು. ಮೊಮ್ಮಗಳು ಹಾಳೆಯನ್ನು ತಂದು ಪಕ್ಕದಲ್ಲಿ ಇಟ್ಟಾಗ ಅವರು ಅದನ್ನು ಎತ್ತಿಕೊಂಡು ಓದಿದರು. ಓದಿ, ಅವಳ ಕೈಯಿಂದ ಪೆನ್ಸಿಲನ್ನು ಇಸಿದುಕೊಂಡು, ಹೊಡೆದುಹಾಕಿದ್ದ ಎರಡು ಹೆಸರುಗಳನ್ನೂ ಹಾಳೆಯ ನೆತ್ತಿಯ ಮೇಲೆ ಬರೆದರು.

"ಇವೆರಡು ಮೊದಲು. ಉಳಿದುದನ್ನು ಆಮೇಲೆ ನೋಡೋಣ, ಕುಂಞಿ," ಎಂದರು.

"ಅಜ್ಜ, ಬಿರಡೆ ಹಾಕಿಕೊಂಡರೆ ಅಧಿಕಾರಿಗಳು ಕೂಗಿದ್ದು ಕೇಳಿಸುವುದಿಲ್ಲವಂತೆ. ನೀವು ಪಟಾಲಮ್ಮಿನಲ್ಲಿ ಇಷ್ಟು ವರ್ಷ ಗುಂಡು ಹೊಡೆದಿರಿ, ನೀವೇನು ಹಾಕಿಕೊಳ್ಳುತ್ತಿದ್ದಿರಿ?"

ಅವಳು ಅವರ ಬಲಗಡೆಗೆ ಬಂದು ಕುಳಿತೇ ಈ ಪ್ರಶ್ನೆಯನ್ನು ಕೇಳಿದಳು. ಆ ಮನೆಯ ಮಕ್ಕಳೆಲ್ಲರೂ ಅಜ್ಜನ ಬಲಗಡೆಗೇ ಕುಳಿತುಕೊಳ್ಳುವರು. ಅದು ಹೇಗೆ ರೂಢಿಯಾಯಿತೆಂದು ಯಾರೂ ವಿಚಾರಿಸಿರಲಿಲ್ಲ.

ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, ಎಂದೂ ಯಾರಿಗೂ ಹೇಳದೆ ಇದ್ದುದನ್ನು ಆ ಸಂಜೆ ಹೇಳಿದರು. ಅವರು 1966 ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಸೈನ್ಯವನ್ನು ಸೇರಿದವರು. ಕಿವಿಗೆ ಏನನ್ನಾದರೂ ಇಟ್ಟುಕೊಳ್ಳುವುದೆಂದರೆ ಅವರ ಸಂಗಡಿಗರಲ್ಲಿ ನಗೆಗೀಡು. ಒಬ್ಬಿಬ್ಬರು ಹತ್ತಿಯ ಉಂಡೆಯನ್ನು ತುರುಕಿಕೊಳ್ಳುತ್ತಿದ್ದರು. ಒಣ ಹತ್ತಿಯು ಅಂತಹ ಸದ್ದನ್ನು ತಡೆಯುವುದು ಅತ್ಯಲ್ಪ. ಅಂಥವರನ್ನು ಕಂಡು ನಕ್ಕವರಲ್ಲಿ ಇವರೂ ಒಬ್ಬರು. ಗುಂಡು ಹೊಡೆದ ಸಂಜೆ ಕಿವಿಯಲ್ಲಿ ಗುಂಯ್ ಎನ್ನುವುದು, ಮರುದಿನ ನಿಲ್ಲುವುದು; ನಿಂತಿತೆಂದರೆ ಗುಣವಾಯಿತೆಂದೇ ಎಲ್ಲರ ಭಾವನೆ. ನಿವೃತ್ತರಾಗಿ ಊರಿಗೆ ಬಂದ ಮೇಲೆ ಒಂದು ಮಳೆಗಾಲದಲ್ಲಿ ಅವರು ಹೆಂಡತಿಯನ್ನು, "ಈ ವರ್ಷ ಜೀರುಂಡೆಗಳೇ ಇಲ್ಲವಲ್ಲ, ಏಕೆ?" ಎಂದು ಕೇಳಿದರು. ಆಕೆ ಕ್ಷಣಕಾಲ ಅವರ ಮುಖವನ್ನು ನೋಡಿ, "ಕೂಗುತ್ತಿವೆಯಲ್ಲ," ಎಂದಷ್ಟೇ ಹೇಳಿ ಒಳಗೆ ಹೋದರು. ತೋಟವೆಲ್ಲ ಜೀರುಂಡೆಯ ಸದ್ದಿನಿಂದ ತುಂಬಿದ್ದ ರಾತ್ರಿಯದು.

ಕಿವಿಯು ಕೆಡುವ ಕ್ರಮವೇ ಹೀಗೆ. ಗುಂಡಿನ ಸದ್ದು ಮೊದಲು ಕದಿಯುವುದು ಉಚ್ಚಸ್ವರಗಳನ್ನು. ಹುಳುಗಳ ಸದ್ದು, ಹಕ್ಕಿಯ ಸಿಳ್ಳು, ಚಿಕ್ಕಮಕ್ಕಳ ಧ್ವನಿ, ಮಾತಿನಲ್ಲಿ ಸಕಾರ ಶಕಾರಗಳು, ಇವು ಮೊದಲು ಹೋಗುತ್ತವೆ. ಸ್ವರಾಕ್ಷರಗಳು ಉಳಿಯುವುದರಿಂದ ಮಾತು ಕೇಳಿಸಿದಂತೆಯೇ ಇರುವುದು. ಅರ್ಥವು ಮಾತ್ರ ಜಾರುವುದು. "ಸಾರು ಬೇಕೇ?" ಎಂದು ಕೇಳಿದರೆ ಅವರು "ಯಾರೂ ಬಂದಿಲ್ಲ" ಎಂದು ಉತ್ತರಿಸುವರು. ಮನೆಯವರು ನಗುವರು; ಅವರೂ ನಗುವರು. ಕ್ರಮೇಣ ಅವರು ಮದುವೆಮನೆಗಳಲ್ಲಿ ಹತ್ತು ಜನರ ನಡುವೆ ಕುಳಿತುಕೊಳ್ಳುವುದನ್ನು ಬಿಟ್ಟರು. ವಯಸ್ಸಾಯಿತೆಂದು ಎಲ್ಲರೂ ತಿಳಿದರು. ವಯಸ್ಸಿನ ಮೇಲೆ ಹೊರಿಸಿದ ಅಪರಾಧಗಳಲ್ಲಿ ಹಲವು ಯೌವನವು ಮಾಡಿದುವು.

ಇದರ ಕಾರಣವನ್ನು ಶಾಸ್ತ್ರಜ್ಞರು ಸ್ಪಷ್ಟವಾಗಿ ವಿವರಿಸಿದ್ದಾರೆ. ಒಳಗಿವಿಯ ಬಸವನಹುಳುವಿನಾಕಾರದ ಅಂಗದಲ್ಲಿ ಕೂದಲಿನಂತಹ ಎಳೆಗಳುಳ್ಳ ಜೀವಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಇರುತ್ತವೆ. ಗಾಳಿಯ ಅಲುಗಾಟವನ್ನು ಶಬ್ದಜ್ಞಾನವಾಗಿ ಮಾಡುವುದು ಇವುಗಳ ಕೆಲಸ. ಕತ್ತರಿಸಿದ ಉಗುರು ಬೆಳೆಯುತ್ತದೆ, ಮುರಿದ ಎಲುಬು ಕೂಡುತ್ತದೆ; ಮನುಷ್ಯನಲ್ಲಿ ಸತ್ತ ಈ ಕೋಶಗಳು ಮಾತ್ರ ಮತ್ತೆ ಹುಟ್ಟುವುದಿಲ್ಲ. ಶಬ್ದವನ್ನು ಅಳೆಯುವ ಮಾನದಲ್ಲಿ ಮನೆಯೊಳಗಣ ಮಾತುಕತೆಯು ಸುಮಾರು 60 ಡೆಸಿಬೆಲ್. ಪ್ರತಿ 10 ಡೆಸಿಬೆಲ್ ಏರಿದಂತೆ ಶಬ್ದದ ಶಕ್ತಿಯು ಹತ್ತು ಮಡಿಯಾಗುತ್ತದೆ. ಕ್ಷಣಮಾತ್ರದ ಸಿಡಿತಕ್ಕೆ 140 ಡೆಸಿಬೆಲ್ಲನ್ನು ಅಪಾಯದ ಎಲ್ಲೆಯೆಂದು ಗೊತ್ತುಮಾಡಿದ್ದಾರೆ. ಚಿಕ್ಕದೆಂದು ತೋರುವ .22 ರೈಫಲ್ಲು ಈ ಎಲ್ಲೆಯ ಆಸುಪಾಸಿಗೆ ಬರುತ್ತದೆ. 12 ಬೋರಿನ ಕೋವಿಯೂ ಸೈನ್ಯದ ರೈಫಲ್ಲುಗಳೂ ಅದನ್ನು ದಾಟುತ್ತವೆ. ಬಲಗೈಯವನು ರೈಫಲ್ಲಿಗೆ ಕೆನ್ನೆಯನ್ನು ಒರಗಿಸಿದಾಗ ಬಲಗಿವಿಯು ತಲೆಯ ಮರೆಯಲ್ಲಿ ಉಳಿಯುತ್ತದೆ, ಎಡಗಿವಿಯು ಕೋವಿಯ ಬಾಯಿಯ ಕಡೆಗೆ ತಿರುಗುತ್ತದೆ. ಆದುದರಿಂದ ಹೆಚ್ಚು ಕೆಡುವುದು ಎಡಗಿವಿ. ಮಕ್ಕಳು ಬಲಗಡೆಗೆ ಕುಳಿತುಕೊಳ್ಳುವ ರೂಢಿಯ ಮೂಲವು ಇಲ್ಲಿತ್ತು.

ಅವರ ಮನಸ್ಸನ್ನು ಕೊರೆಯುತ್ತಿದ್ದುದು ತಮ್ಮ ಕಿವಿಯ ಚಿಂತೆಯಷ್ಟೇ ಆಗಿರಲಿಲ್ಲ. ಅವರ ಮಗನು, ಎಂದರೆ ಈ ಹುಡುಗಿಯ ತಂದೆಯು, ಎಂಟು ವರ್ಷದವನಿದ್ದಾಗ ಕೈಲ್ ಪೊಳ್ದಿನ ಪಂದ್ಯದಲ್ಲಿ ಎರಡು ಕೈಗಳಿಂದಲೂ ಕಿವಿಯನ್ನು ಮುಚ್ಚಿಕೊಂಡು ನಿಂತಿದ್ದನು. ತಂದೆಯು ನೆಂಟರಿಷ್ಟರ ಎದುರಿಗೆ ಆ ಕೈಗಳನ್ನು ಕೆಳಗಿಳಿಸಿ, "ಕೋವಿ ಹಿಡಿಯುವ ಮನೆಯ ಮಗನು ಕಿವಿ ಮುಚ್ಚುವುದೇ?" ಎಂದು ಗದರಿಸಿದರು. ಹುಡುಗನು ಆ ಮೇಲೆ ಎಂದೂ ಕಿವಿಯನ್ನು ಮುಚ್ಚಲಿಲ್ಲ. ಈಗ ಅವನಿಗೆ ಐವತ್ತರ ಸಮೀಪ. ಬೇಸಗೆಯ ನಡುರಾತ್ರಿಯಲ್ಲಿಯೂ ಅವನಿಗೆ ಜೀರುಂಡೆಯ ಸದ್ದು ಕೇಳಿಸುತ್ತದೆ. ಎದ್ದು ಕಿಟಕಿಯನ್ನು ಮುಚ್ಚಿದರೂ ನಿಲ್ಲುವುದಿಲ್ಲ. ತಂದೆಗೆ ಮಳೆಗಾಲದಲ್ಲಿಯೂ ಕೇಳಿಸದ ಸದ್ದು, ಮಗನಿಗೆ ಎಲ್ಲ ಕಾಲದಲ್ಲಿಯೂ ಕೇಳಿಸುವುದಾಯಿತು.

ಹುಡುಗಿಯು ಕೇಳಿ ಮೌನವಾದಳು. ಆದರೂ ಹದಿನಾರರ ವಯಸ್ಸು ಒಂದೇ ಮಾತಿಗೆ ಸೋಲುವುದಿಲ್ಲ. 2024 ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ತುರ್ಕಿ ದೇಶದ ಯೂಸುಫ್ ದಿಕೆಚ್ ಎಂಬವರು ಯಾವ ಸಲಕರಣೆಯನ್ನೂ ತೊಡದೆ, ಸಾಧಾರಣ ಅಂಗಿ ಕನ್ನಡಕಗಳಲ್ಲಿ, ಒಂದು ಕೈಯನ್ನು ಜೇಬಿಗೆ ಸೇರಿಸಿ ಬೆಳ್ಳಿಯನ್ನು ಗೆದ್ದುದನ್ನು ಅವಳು ನೆನಪಿಸಿದಳು. ಅದು 10 ಮೀಟರು ಗಾಳಿ ಪಿಸ್ತೂಲಿನ ಮಿಶ್ರ ಜೋಡಿಯ ಪಂದ್ಯ. ಅದೇ ಪಂದ್ಯದಲ್ಲಿ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗರು ಭಾರತಕ್ಕೆ ಕಂಚನ್ನು ತಂದುದರಿಂದ ಮನೆಯವರೆಲ್ಲರೂ ಅದನ್ನು ನೋಡಿದ್ದರು. ಇತರರು ಕಣ್ಣಿಗೆ ಮರೆ, ವಿಶೇಷ ಮಸೂರಗಳನ್ನೆಲ್ಲ ಕಟ್ಟಿಕೊಂಡಿದ್ದಾಗ ಈ ಮನುಷ್ಯನು ಏನನ್ನೂ ತರದೆ ಬಂದನೆಂದು ಲೋಕವೇ ಬೆರಗಾಗಿತ್ತು.

"ಆ ಚಿತ್ರವನ್ನು ತಾ," ಎಂದರು ಹಿರಿಯರು.

ಅವಳು ಫೋನಿನಲ್ಲಿ ಚಿತ್ರವನ್ನು ತೆಗೆದು ತೋರಿಸಿದಳು. ಅವರು ಅದನ್ನು ಹಿಗ್ಗಿಸಿ, ಆ ಗುರಿಕಾರನ ಕಿವಿಯ ಮೇಲೆ ಬೆರಳಿಟ್ಟರು. ಅಲ್ಲಿ ಒಂದು ಚಿಕ್ಕ ಹಳದಿಯ ಬಿರಡೆಯಿತ್ತು. ಎಲ್ಲವನ್ನೂ ಬಿಟ್ಟು ಬಂದವನೆಂದು ಹೆಸರಾದವನೂ ಅದನ್ನು ಬಿಟ್ಟಿರಲಿಲ್ಲ.

ಹುಡುಗಿಯು ನಕ್ಕಳು. ಗಂಟನ್ನು ಕಟ್ಟುವ ಕೆಲಸವು ಮೊದಲಿನಿಂದ ಆರಂಭವಾಯಿತು. ಈ ಬಾರಿ ಅಜ್ಜ ಮೊಮ್ಮಗಳಿಬ್ಬರೂ ವಸ್ತುಗಳನ್ನು ಜಗಲಿಯ ಮೇಲೆ ಮೂರು ಗುಂಪಾಗಿ ಹರಡಿದರು. ಕಳೆದುಕೊಂಡರೆ ಮತ್ತೆ ಬಾರದುದನ್ನು ಕಾಯುವ ವಸ್ತುಗಳು ಒಂದು ಗುಂಪು. ನೆರೆಯವನನ್ನು ಕಾಯುವ ವಸ್ತುಗಳು ಎರಡನೆಯದು. ಅಂಕವನ್ನು ಕೊಡುವ ವಸ್ತುಗಳು ಮೂರನೆಯದು. ಚೀಲದಲ್ಲಿ ಸ್ಥಳವು ಸಾಲದಾದಾಗ ಮೂರನೆಯದರಿಂದ ತೆಗೆಯತಕ್ಕದ್ದು. ಮೊದಲಿನ ಎರಡರಿಂದ ತೆಗೆಯತಕ್ಕದ್ದಲ್ಲ.

ಮೊದಲನೆಯ ಗುಂಪು ಅಂಗೈಯಲ್ಲಿ ಹಿಡಿಯುವಷ್ಟೇ ಆಯಿತು. ಬಿರಡೆಗಳು ಎರಡು ಜೊತೆ, ಏಕೆಂದರೆ ಒಂದು ಜೊತೆಯು ಕೆಳಗೆ ಬಿದ್ದು ಮಣ್ಣಾದೀತು. ಎರಡು ಕಿವಿಗಳನ್ನೂ ಹೊರಗಿನಿಂದ ಮುಚ್ಚುವ ಬಟ್ಟಲಿನಂತಹ ಕಾಪೂ ಉಂಟು. ಕೆನ್ನೆಯನ್ನು ರೈಫಲ್ಲಿಗೆ ಒರಗಿಸುವಾಗ ಅದು ಮರದ ಹಿಡಿಗೆ ತಗುಲುವುದರಿಂದ ಹೊಡೆಯುವಾಗ ಬಿರಡೆಯೂ, ಸರದಿಗಾಗಿ ಹಿಂದೆ ಕಾದಿರುವಾಗ ಬಿರಡೆಯ ಮೇಲೆ ಬಟ್ಟಲೂ ಇರಲೆಂದು ನಿಶ್ಚಯವಾಯಿತು. ನೆರೆಯವನ ಗುಂಡಿನ ಸದ್ದೂ ಸದ್ದೇ. ಬಿರಡೆಯನ್ನು ಕಿವಿಯ ಬಾಯಲ್ಲಿ ಸುಮ್ಮನೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಅದನ್ನು ಬೆರಳುಗಳ ನಡುವೆ ಬತ್ತಿಯಂತೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಉಬ್ಬಿ ತುಂಬಿಕೊಳ್ಳುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಹುಡುಗಿಯು ಇದನ್ನು ಜಗಲಿಯಲ್ಲಿಯೇ ನಾಲ್ಕಾರು ಬಾರಿ ಮಾಡಿ ಕಲಿತಳು. ಕನ್ನಡಕವು ಸುಲಭವಾಗಿ ಒಡೆಯದ ಗಾಜಿನದಾಗಿರಬೇಕು. ತೋಟೆಯ ಹಿತ್ತಾಳೆಯು ಎಂದೋ ಒಮ್ಮೆ ಬಿರಿಯುವುದುಂಟು; ಆ ಒಂದು ಸಲಕ್ಕಾಗಿ ಎಲ್ಲ ದಿನವೂ ಕನ್ನಡಕವನ್ನು ಧರಿಸತಕ್ಕದ್ದು.

ಎರಡನೆಯ ಗುಂಪು ಇನ್ನೂ ಹಗುರ. ರೈಫಲ್ಲಿನ ಒಳಗೆ ತೋಟೆಯಿಲ್ಲವೆಂಬುದು ದೂರದಿಂದಲೇ ಎಲ್ಲರಿಗೂ ಕಾಣುವಂತೆ ತೋಟೆಮನೆಯಲ್ಲಿ ಇಡುವ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ದಾರವೊಂದು. ಅಂಗೈಯ ಸೀಸವನ್ನು ತೊಳೆಯಲು ಸಾಬೂನಿನ ತುಂಡೊಂದು. ಗುಂಡಿನಲ್ಲಿಯೂ ಅದರ ಹೊಗೆಯಲ್ಲಿಯೂ ಸೀಸವಿರುವುದರಿಂದ ಕೈ ತೊಳೆಯದೆ ಬಿಸ್ಕತ್ತನ್ನು ಮುಟ್ಟಬಾರದು; ಅದೇ ಕೈಯಿಂದ ಮನೆಯ ಕೂಸನ್ನು ಎತ್ತಲೂಬಾರದು. ಉಳಿದುವು ಚೀಲದಲ್ಲಿ ಹಿಡಿಸತಕ್ಕವಲ್ಲ. ಕೋವಿಯ ಬಾಯಿ ಸದಾ ಗುರಿಯ ಕಡೆಗೆ, ಹೊಡೆಯುವ ಗಳಿಗೆಯವರೆಗೆ ಬೆರಳು ಕುದುರೆಯಿಂದ ದೂರ, "ನಿಲ್ಲಿಸಿ" ಎಂದೊಡನೆ ನಿಲ್ಲಿಸುವುದು. ಬಿರಡೆಯಿಂದ ಆಜ್ಞೆಯು ಮಂದವಾಗಿ ಕೇಳಿಸಿದರೆ ಪಕ್ಕದವರ ಕೈಗಳನ್ನು ನೋಡುತ್ತಿರಬೇಕು. ಬಿರಡೆಯು ಸದ್ದನ್ನು ತಗ್ಗಿಸುವುದೇ ಹೊರತು ಅಳಿಸುವುದಿಲ್ಲ. ಕೆಟ್ಟ ಕಿವಿಗೆ ಮಾತ್ರ ಯಾವ ಆಜ್ಞೆಯೂ ಸರಿಯಾಗಿ ಕೇಳಿಸದು.

ಮೂರನೆಯ ಗುಂಪನ್ನು ಹಿರಿಯರು ಹಳಿಯಲಿಲ್ಲ. ಸಲಕರಣೆಯ ಲೋಪವು ಎಂತಹವರನ್ನೂ ಕಾಡುವುದುಂಟು. 2021 ರಲ್ಲಿ ಟೋಕಿಯೋ ಒಲಿಂಪಿಕ್ಸಿನ ಅರ್ಹತಾಸುತ್ತಿನ ನಡುವೆ ಮನು ಭಾಕರರ ಪಿಸ್ತೂಲಿನ ಸನ್ನೆಯು ಮುರಿದು, ಅಮೂಲ್ಯವಾದ ಹೊತ್ತು ದುರಸ್ತಿಯಲ್ಲಿ ಕಳೆದು, ಅವರು ಎರಡೇ ಅಂಕಗಳಿಂದ ಅಂತಿಮ ಸುತ್ತನ್ನು ಕಳೆದುಕೊಂಡರು. ಆದರೆ ಮೂರು ವರ್ಷಗಳ ಮೇಲೆ ಅವರೇ ಪ್ಯಾರಿಸಿನಲ್ಲಿ ಎರಡು ಕಂಚುಗಳನ್ನು ಗೆದ್ದರು. ಕಳೆದ ಅಂಕವು ಹಿಂದಿರುಗಿ ಬರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ. ಅಂತೂ ಆ ದಿನದ ಅಭ್ಯಾಸವು ಮಲಗಿ ಹೊಡೆಯುವುದಷ್ಟೇ ಆದುದರಿಂದ ಮೊಣಕಾಲಿನ ದಿಂಡು ಮನೆಯಲ್ಲಿ ಉಳಿಯಿತು. ಚಾಪೆಯೂ ದುರ್ಬೀನೂ ಸಂಘದಲ್ಲಿದ್ದವು. ರೈಫಲ್ಲು ತನ್ನದಲ್ಲವಾದ ಮೇಲೆ ತಿರುಪುಳಿ ಎಣ್ಣೆಗಳ ಗೊಡವೆಯೂ ಬೇಡವಾಯಿತು. ಜಾಕೆಟ್ಟು, ಕೈಗವಸು, ಪಟ್ಟಿ, ಟೋಪಿ, ಟಿಪ್ಪಣಿ ಪುಸ್ತಕ, ನೀರು, ಬಿಸ್ಕತ್ತು ಉಳಿದವು. ಚೀಲದಲ್ಲಿ ಸ್ಥಳವು ಮಿಕ್ಕಿತು.

ರಕ್ಷೆಯನ್ನು ಕಟ್ಟಿಕೊಳ್ಳುವುದು ಅಳುಕಿನ ಗುರುತೆಂಬ ಭ್ರಾಂತಿಯು ಪುರಾತನರಿಗೆ ಇರಲಿಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರರ ಹಿಂದೆ ಹೊರಟ ರಾಮಲಕ್ಷ್ಮಣರನ್ನು ವರ್ಣಿಸುವಾಗ ಕವಿಯು ಅವರ ಬಿಲ್ಲು ಖಡ್ಗಗಳೊಂದಿಗೆ ಉಡದ ಚರ್ಮದ ಬೆರಳುಕಾಪನ್ನೂ ಮರೆಯದೆ ಹೇಳುತ್ತಾನೆ. ಹೆದೆಯ ಹೊಡೆತದಿಂದ ಕೈಯನ್ನು ಕಾಯುವ ಸಾಧನವದು. ಅದನ್ನು ಕಟ್ಟಿಕೊಂಡುದರಿಂದ ಆ ಬಾಲಕರ ಪರಾಕ್ರಮಕ್ಕೆ ಊನವು ಬರಲಿಲ್ಲ. ಬಿಲ್ಲುಗಾರನಿಗೆ ಪೆಟ್ಟು ಬೀಳುವುದು ಬೆರಳಿಗೆ, ಬಂದೂಕಿನವನಿಗೆ ಕಿವಿಗೆ. ಪೆಟ್ಟು ಬೀಳುವ ಸ್ಥಳವನ್ನು ಅರಿತು ಕಾಪನ್ನು ಕಟ್ಟುವುದು ವಿದ್ಯೆಯ ಒಂದು ಅಂಗ.

ಮರುದಿನ ಮೊದಲ ಬಸ್ಸಿಗೆ ಹುಡುಗಿಯು ತಂದೆಯೊಡನೆ ಹೊರಟಳು. ಹಿರಿಯರು ಎರಡನೆಯ ಜೊತೆಯ ಬಿರಡೆಗಳನ್ನು ಮಗನ ಕೈಯಲ್ಲಿಟ್ಟು, "ನೋಡುವವರಿಗೂ ಬೇಕಂತೆ," ಎಂದರು. ಅದಕ್ಕಿಂತ ಹೆಚ್ಚಿಗೆ ಹೇಳಲು ಅವರಿಗೆ ಆಗಲಿಲ್ಲ. ಮಗನು ಅವನ್ನು ನೋಡಿದನು, ತಂದೆಯನ್ನು ನೋಡಿದನು, ಜೇಬಿಗೆ ಹಾಕಿಕೊಂಡನು.

ಸಂಜೆ ಅವರು ಮರಳಿದಾಗ ಮಳೆಯು ನಿಂತಿತ್ತು. ಹುಡುಗಿಯ ಮೊದಲ ದಿನದ ಅಂಕಗಳು ಹೇಳಿಕೊಳ್ಳುವಂತಹವಾಗಿರಲಿಲ್ಲ. 50 ಮೀಟರಿನ ಗುರಿಯಲ್ಲಿ ಹತ್ತರ ವೃತ್ತವು 10.4 ಮಿಲಿಮೀಟರು ಮಾತ್ರ. ಅವಳ ಗುಂಡುಗಳು ಅದರ ಸುತ್ತಲೂ ಚದುರಿದ್ದವು. ಹಿರಿಯರು ಹಾಳೆಯನ್ನು ನೋಡಿ ತಲೆದೂಗಿ, ಅಂಕಗಳ ಮಾತನ್ನು ಎತ್ತದೆ, "ಜೀರುಂಡೆ ಕೂಗುತ್ತಿದೆಯೇ?" ಎಂದು ಕೇಳಿದರು.

ಅವಳು ತೋಟದ ಕಡೆಗೆ ಕಿವಿಗೊಟ್ಟು ನಿಂತಳು. "ಕೂಗುತ್ತಿದೆ ಅಜ್ಜ. ಬಹಳ ಇವೆ."

"ಸರಿ," ಎಂದರು ಅವರು.

ಆ ವರ್ಷದ ಕೈಲ್ ಪೊಳ್ದಿನಲ್ಲಿ ಹೂ ಮುಡಿದ ಕೋವಿಗಳನ್ನು ಪಂದ್ಯಕ್ಕೆ ತಂದಾಗ, ತೋಟೆಗಳನ್ನಿಟ್ಟ ತಟ್ಟೆಯ ಪಕ್ಕದಲ್ಲಿ ಒಂದು ಬಟ್ಟಲಿನ ತುಂಬ ಹಳದಿಯ ಬಿರಡೆಗಳಿದ್ದವು. ನಕ್ಕವರೂ ಉಂಟು. ಎಲ್ಲರಿಗಿಂತ ಮೊದಲು ಕೈಯಿಟ್ಟು ತೆಗೆದುಕೊಂಡವರು ಆ ಹಿರಿಯರು. ಕೆಟ್ಟ ಕಿವಿಗೆ ಒಂದು, ಉಳಿದ ಕಿವಿಗೆ ಒಂದು. ಎರಡನೆಯವನು ಅವರ ಮಗ. ಆ ಮೇಲೆ ಮಕ್ಕಳೆಲ್ಲರೂ ಸಾಲಾಗಿ ಬಂದರು. ಕೊಯ್ಲು ಮುಗಿದ ನಂತರ ತಂದೆಮಕ್ಕಳಿಬ್ಬರೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಕಿವಿಯನ್ನು ತೋರಿಸಿಕೊಂಡು ಬರುವುದೆಂದು ಅಂದೇ ಊಟದ ಎಲೆಯ ಮುಂದೆ ಗೊತ್ತಾಯಿತು. ಶ್ರವಣಯಂತ್ರವು ಹೋದುದನ್ನು ತಂದುಕೊಡದು, ಉಳಿದುದಕ್ಕೆ ಊರುಗೋಲಾದೀತು. ಅದನ್ನು ಯಾರೋ ಎಡಗಡೆಯಿಂದ ಹೇಳಿದುದರಿಂದ ಹಿರಿಯರಿಗೆ ಕೇಳಿಸಲಿಲ್ಲ. ಮೊಮ್ಮಗಳು ಬಲಗಡೆಗೆ ಬಂದು ಮತ್ತೊಮ್ಮೆ ಹೇಳಿದಳು.